ಒಂದು ಬಾಯಿ ನೀರು, ಹತ್ತು ಹುದ್ದೆ

ಬಾಯೊಳಗಿನ ನೀರಿಗೆ ನಾವು ಕೊಟ್ಟಿರುವಷ್ಟು ಹುದ್ದೆಗಳು ಯಾವ ಕಚೇರಿಯಲ್ಲೂ ಇರಲಿಕ್ಕಿಲ್ಲ. ಮಗುವಿನ ಗಲ್ಲಕ್ಕೆ ಇಳಿದರೆ ಜೊಲ್ಲು. ನೆಲಕ್ಕೆ ಬಿದ್ದರೆ ಉಗುಳು. ಲೋಟಕ್ಕೆ ತಾಗಿದರೆ ಎಂಜಲು. ಅದೇ ನೀರು ಪಠ್ಯಪುಸ್ತಕದೊಳಗೆ ಕಾಲಿಟ್ಟಿತೋ, ಇಸ್ತ್ರಿ ಅಂಗಿ ತೊಟ್ಟು ಲಾಲಾರಸ ಆಗಿಬಿಡುತ್ತದೆ.

ನೂರರಲ್ಲಿ 99 ಪಾಲು ಬರೀ ನೀರು. ಮಿಕ್ಕಿದ್ದರಲ್ಲಿ ಒಂಚೂರು ಉಪ್ಪು, ಲೋಳೆ, ಪಿಷ್ಟ ಒಡೆಯುವ ಅಮೈಲೇಸ್. ಮೂರು ಜೋಡಿ ದೊಡ್ಡ ಗ್ರಂಥಿಗಳು ಮುಖ್ಯವಾಗಿ ದುಡಿದು ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ತಯಾರಿಸುತ್ತವೆ. ಹೆಚ್ಚುಕಮ್ಮಿ ಅಷ್ಟನ್ನೂ ನಾವೇ ನುಂಗುತ್ತೇವೆ, ಚಕಾರವಿಲ್ಲ. ತುಟಿ ದಾಟಿ ಒಂದು ಹನಿ ಆಚೆ ಬರಲಿ, ಅದರ ಯಜಮಾನನೇ ಮುಖ ಸಿಂಡರಿಸುತ್ತಾನೆ.

ಕ್ರಿಕೆಟ್ಟಿನ ಕಥೆ ಇನ್ನೂ ಚೆನ್ನ. ಚೆಂಡು ಹೊಳೆಯಲಿ ಅಂತ ಬೌಲರ್ ಅದಕ್ಕೆ ಉಗುಳು ಹಚ್ಚಿ ಪ್ಯಾಂಟಿಗೆ ಉಜ್ಜುತ್ತಿದ್ದ. ಅದಕ್ಕೆ ಕಲೆ ಅಂತ ಹೆಸರು. 2020ರ ಜೂನ್‌ನಲ್ಲಿ, ಕೊರೊನಾ ಭಯಕ್ಕೆ, ಅಂತಾರಾಷ್ಟ್ರೀಯ ಕ್ರಿಕೆಟ್ ಮಂಡಳಿ ಐಸಿಸಿ ಅದನ್ನು ನಿಷೇಧಿಸಿತು. ಎರಡು ಸಲ ಎಚ್ಚರಿಕೆ, ಆಮೇಲೂ ಹಚ್ಚಿದರೆ ಎದುರಾಳಿಗೆ 5 ರನ್. ಬೆವರು ಮಾತ್ರ ಧಾರಾಳವಾಗಿ ಹಚ್ಚಬಹುದು! 2022ರಲ್ಲಿ ನಿಷೇಧ ಕಾಯಂ ಆಯಿತು. ಪಾಪ, ಉಗುಳು ಕೆಲಸ ಕಳೆದುಕೊಂಡಿತು, ಬೆವರಿಗೆ ಬಡ್ತಿ ಸಿಕ್ಕಿತು.

ಅದೇ ಹೊತ್ತಿಗೆ ಲ್ಯಾಬಿನಲ್ಲಿ ಅದರ ದರ್ಜೆಯೇ ಬೇರೆ. ಅಲ್ಲಿ ಅದು 'ಸ್ಯಾಂಪಲ್'. ಕೈಗವಸು ಹಾಕಿಕೊಂಡು ಎತ್ತಿಕೊಳ್ಳುತ್ತಾರೆ, ಚೀಟಿ ಅಂಟಿಸುತ್ತಾರೆ. ತಮ್ಮ ಪೂರ್ವಜರು ಯಾರೆಂದು ತಿಳಿಯಲು ಜನ ದುಡ್ಡು ಕೊಟ್ಟು ಕೊಳವೆಯೊಳಗೆ ಉಗುಳಿ ಡಿಎನ್‌ಎ ಪರೀಕ್ಷೆಗೆಂದು ಅಂಚೆಗೆ ಹಾಕುತ್ತಾರೆ. ಪೂರ್ವಜರ ಹೆಸರಲ್ಲಿ ಇಷ್ಟು ಭಕ್ತಿಯಿಂದ ಉಗುಳಿದ ಪೀಳಿಗೆ ಬಹುಶಃ ನಮ್ಮದೇ ಇರಬೇಕು.

ಒಂದು ಹನಿಯೂ ಬೀಳದ ಉಗುಳಾಟ ಬೇರೆ ಇದೆ. "ಇವತ್ತು ಸಾಹೇಬರ ಹತ್ತಿರ ಚೆನ್ನಾಗಿ ಉಗಿಸಿಕೊಂಡೆ" ಅಂತಾನೆ ಗುಮಾಸ್ತ, ಅಂಗಿ ಒಣಗಿಯೇ ಇರುತ್ತದೆ. ಅಲ್ಲಿ ಒದ್ದೆಯಾಗಿದ್ದು ಇವನ ಗಂಟಲು ಮಾತ್ರ, ಉಗುಳು ನುಂಗಿ ನುಂಗಿ. ಇನ್ನು ನಾಯಕರು ವೇದಿಕೆಯ ಮೇಲೆ ಉಗುಳಿದ್ದನ್ನು ಮರುದಿನ ತಾವೇ ನೆಕ್ಕುತ್ತಾರೆ. ಅದಕ್ಕೂ ಒಂದು ಗೌರವದ ಹೆಸರಿದೆ: ಸ್ಪಷ್ಟೀಕರಣ.

ಲಂಚಕ್ಕೆ ಎಂಜಲು ಕಾಸು ಅಂತಾರಲ್ವಾ? ಸುಮ್ನೆ ಬೈಗುಳ ಅಂದುಕೊಂಡಿದ್ದೆ. ಆಮೇಲೊಬ್ಬರು ಮೇಜಿನ ಕೆಳಗೆ ಕವರ್ ಬಿಚ್ಚಿ, ನಾಲಿಗೆಗೆ ಬೆರಳು ತಾಗಿಸಿ ತಾಗಿಸಿ ನೋಟು ಎಣಿಸುವುದನ್ನು ಕಂಡೆ.