ಉಪ್ಪು ಸೊಳೆಗೆ ಕರೆಂಟ್ ಬೇಡ

ಕರಾವಳಿಯ ಹಣ್ಣು-ತರಕಾರಿ ಹಾಳಾಗುವ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ಅಲ್ಲಿನ ಹಲಸು, ಪುನರ್ಪುಳಿ (ಕೋಕಂ) ಹಾಳಾಗಲು ಕೋಲ್ಡ್ ಸ್ಟೋರೇಜ್ ಇಲ್ಲದಿರುವುದೇ ಕಾರಣ ಎಂದು ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ನಮ್ಮ ದಕ್ಷಿಣ ಕನ್ನಡದ ಮನೆಗಳಲ್ಲಿ ಮಳೆಗಾಲದ ಅಡುಗೆ ನಡೆದದ್ದೇ ಭರಣಿ ಮತ್ತು ಅಟ್ಟದಲ್ಲಿ ಕೂಡಿಟ್ಟದ್ದರಿಂದ.

ಉಪ್ಪು ಸೊಳೆಯನ್ನೇ ನೋಡಿ. ಹಲಸಿನಕಾಯಿ ಚೆನ್ನಾಗಿ ಬಲಿತಿರಬೇಕು, ಹಣ್ಣಿಗೆ ತಿರುಗಿರಬಾರದು. ಸೊಳೆ ಬಿಡಿಸಿ, ಬೇಳೆ (ಬೀಜ) ತೆಗೆದು, ಕಲ್ಲುಪ್ಪು ಬೆರೆಸಿ ಭರಣಿಗೆ ಒತ್ತಿ ತುಂಬಿ ಮೇಲೆ ಭಾರ ಇಡುತ್ತಾರೆ. ಸೊಳೆಯೇ ನೀರು ಬಿಡುತ್ತದೆ. ಆ ಉಪ್ಪುನೀರಲ್ಲಿ ಅದು ಪೂರ್ತಿ ಮುಳುಗಿರಬೇಕು, ಒದ್ದೆ ಕೈ ಹಾಕಲೇಬಾರದು. ಬೇಕಾದಾಗ ತೆಗೆದು, ನೀರಲ್ಲಿ ನೆನೆಸಿ ಉಪ್ಪು ಬಿಡಿಸಿದರೆ ಜೋರು ಮಳೆಯ ಆಟಿ ತಿಂಗಳಲ್ಲೂ ಪಲ್ಯ, ರೊಟ್ಟಿ, ಉಂಡ್ಲಕಾಳು (ಎಣ್ಣೆಯಲ್ಲಿ ಕರಿದ ಪುಟ್ಟ ಉಂಡೆ) ಎಲ್ಲ ಆಗುತ್ತದೆ. ಉಂಡ್ಲಕಾಳಿನ ರುಚಿಯಂತೂ ಬೇರೆಯೇ!

ಸಾಂಬಾರ್ ಸೌತೆ ಇನ್ನೂ ಸುಲಭ. ಬಾಳೆನಾರಿನಲ್ಲಿ ಕಟ್ಟಿ ಗಾಳಿಯಾಡುವ ಕಡೆ ತೂಗುಹಾಕಿದರೆ ತಿಂಗಳುಗಟ್ಟಲೆ ಇರುತ್ತದೆ. ಕುಮಟಾದ ಈರುಳ್ಳಿಯೂ ಅಷ್ಟೇ. ಬೇಸಿಗೆಯಲ್ಲಿ ಹೆದ್ದಾರಿ 66ರ ಬದಿಯಲ್ಲಿ ಗೊಂಚಲು ಗೊಂಚಲಾಗಿ ಮಾರುತ್ತಾರಲ್ವಾ, ಹಾಗೇ ತಂದು ನೇತುಹಾಕುವುದು.

ನಿಜವಾದ ತೊಂದರೆ ಪುನರ್ಪುಳಿಯದ್ದು. ಅದು ಹಣ್ಣಾಗುವುದೇ ಮಳೆಯ ಹೊಸ್ತಿಲಲ್ಲಿ. ಬಿಸಿಲು ಸಿಗದಿದ್ದರೆ ಒಣಗಲು ಹಾಕಿದ ಸಿಪ್ಪೆಗೆ ಬೂಸ್ಟು ಬರುತ್ತದೆ. ಪಂಚಾಯ್ತಿಗೊಂದು ಡ್ರೈಯರ್ ಕೊಟ್ಟರೆ ಕೋಲ್ಡ್ ಸ್ಟೋರೇಜ್‌ಗಿಂತ ಜಾಸ್ತಿ ಉಪಯೋಗ. ಮುಂದಿನ ಲೇಖನದಲ್ಲಿ ದಯವಿಟ್ಟು ಇದರ ಬಗ್ಗೆ ಬರೆಯಿರಿ.