ಹೆದ್ದಾರಿ ಬರಲಿ, ಆದರೆ ವರದಿ ಕನ್ನಡದಲ್ಲಿ ಬರಲಿ

ಹೊಸ ಹೆದ್ದಾರಿಗೆ ಪರಿಸರ ಅಹವಾಲು ಸಭೆ ಅಂದ ತಕ್ಷಣ ಜನ ಕೇಳುವುದು ಒಂದೇ: ಎಕರೆಗೆ ಎಷ್ಟು ಕೊಡ್ತೀರಿ? ಜಮೀನು ಕಳೆದುಕೊಳ್ಳುವವರು ಇದನ್ನು ಕೇಳದೆ ಇನ್ನೇನು ಕೇಳಬೇಕು, ಸರಿಯೇ. ಆದರೆ ಭೂಸ್ವಾಧೀನಕ್ಕೆ ಬೇರೆ ಕಾನೂನು ಇದೆ, ಬೇರೆ ಅಧಿಕಾರಿ ಇದ್ದಾರೆ. ಈ ಸಭೆ ಇರುವುದು ರಸ್ತೆಯಿಂದ ಸುತ್ತಲಿನ ನೆಲ, ನೀರು, ಗಾಳಿಗೆ ಏನಾಗುತ್ತದೆ ಎಂದು ಹೇಳುವ ಕರಡು ಪರಿಸರ ವರದಿಯನ್ನು ಪ್ರಶ್ನಿಸಲು. ಅದನ್ನು ಓದಿ ಬಂದವರು ಸಭೆಯಲ್ಲಿ ಬೆರಳೆಣಿಕೆಯಷ್ಟು.

ಓದುವುದಾದರೂ ಹೇಗೆ? 2006ರ ಇಐಎ (ಪರಿಸರ ಪರಿಣಾಮ ಮೌಲ್ಯಮಾಪನ) ಅಧಿಸೂಚನೆ ಪ್ರಕಾರ ಸಭೆಗೆ ಕನಿಷ್ಠ 30 ದಿನ ಮೊದಲೇ ಪತ್ರಿಕೆಯಲ್ಲಿ ನೋಟಿಸ್ ಬರಬೇಕು. ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿಯಂಥ ಕಡೆ ನೋಡಲು ಸಿಗಬೇಕು. ಸಿಗುತ್ತದೆ, ಇಂಗ್ಲಿಷಿನಲ್ಲಿ, ನೂರಾರು ಪುಟ. ಕನ್ನಡದಲ್ಲಿ ಕೊಡುವುದು ಸಾರಾಂಶ ಮಾತ್ರ. 'ಧೂಳು ಏಳದಂತೆ ನೀರು ಚಿಮುಕಿಸಲಾಗುವುದು, ಕಡಿದ ಮರಗಳಿಗೆ ಬದಲು ಸಸಿ ನೆಡಲಾಗುವುದು.' ಇದನ್ನು ಓದಿ ಯಾರು ಏನು ತಕರಾರು ಹೇಳಲು ಸಾಧ್ಯ? ಹೆದ್ದಾರಿಗೆ ಸುರಿಯುವ ಕೋಟಿಗಳ ಮುಂದೆ ಪೂರ್ತಿ ವರದಿಯ ಅನುವಾದದ ಖರ್ಚು ಲೆಕ್ಕಕ್ಕೇ ಇಲ್ಲ. 2020ರಲ್ಲಿ ಹೊಸ ಇಐಎ ಕರಡು ನಿಯಮವನ್ನು ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಹೇಳಿತ್ತು. ನಿಯಮದ ಕರಡಿಗೆ ಆ ಮಾತು ಸಲ್ಲುವುದಾದರೆ, ಮನೆ ಮುಂದೆ ಬರುವ ರಸ್ತೆಯ ವರದಿಗೆ ಯಾಕೆ ಸಲ್ಲಬಾರದು?

ನನ್ನ ಚಿಂತೆ ಜಾಸ್ತಿ ಇರುವುದು ನೀರಿನ ಬಗ್ಗೆ. ಹೊಸ ಹೆದ್ದಾರಿಗೆ ಎಷ್ಟೋ ಕಡೆ ಮಣ್ಣು ತುಂಬಿ ಎತ್ತರಿಸುತ್ತಾರೆ. ಮೋರಿ ಸರಿಯಾದ ಜಾಗದಲ್ಲಿ, ಸಾಕಷ್ಟು ಅಗಲಕ್ಕೆ ಇಲ್ಲದಿದ್ದರೆ ರಸ್ತೆಯೇ ಕೆರೆ ಏರಿಯ ಹಾಗೆ ನೀರು ತಡೆಯುತ್ತದೆ. ಮೇಲಿನ ಗದ್ದೆ ಮುಳುಗುತ್ತದೆ, ಕೆಳಗಿನ ಕೆರೆ ಬತ್ತುತ್ತದೆ. ಇನ್ನು ಗಾಳಿ, ನೀರು, ಶಬ್ದದ ಅಳತೆ ಸಾಮಾನ್ಯವಾಗಿ ಒಂದೇ ಋತುವಿನದ್ದು, ಅದೂ ಮಳೆಗಾಲ ಬಿಟ್ಟು. ಬೇಸಿಗೆಯಲ್ಲಿ ಒಣಗಿರುವ ಹಳ್ಳ ಆಗಸ್ಟಿನಲ್ಲಿ ಎಲ್ಲಿವರೆಗೆ ಉಕ್ಕುತ್ತದೆ ಅನ್ನುವುದು ಅಲ್ಲಿ ಬೇಸಾಯ ಮಾಡುವವರಿಗೆ ಗೊತ್ತು. ವರದಿ ಬರೆಯುವ ಸಲಹಾ ಸಂಸ್ಥೆಗೆ ಗೊತ್ತಾಗುವುದು ಅವರು ಹೇಳಿದರೆ ತಾನೇ? (ಆ ಸಂಸ್ಥೆಗೆ ಹಣ ಕೊಡುವುದು ಹೆದ್ದಾರಿ ಮಾಡುವವರೇ. ಇದನ್ನೂ ನೆನಪಿಟ್ಟುಕೊಂಡೇ ಓದಬೇಕು.)

ಹಾಗಾಗಿ 'ನಮಗೆ ರಸ್ತೆ ಬೇಡ' ಅಂತ ಸುಮ್ನೆ ಕೂಗಿದರೆ ಒಂದು ಸಾಲಿನಲ್ಲಿ ಮುಗಿಸುತ್ತಾರೆ. 'ಇಂಥ ಸರ್ವೆ ನಂಬರಿನ ಪಕ್ಕದ ಹಳ್ಳಕ್ಕೆ ವರದಿಯಲ್ಲಿ ಮೋರಿ ತೋರಿಸಿಲ್ಲ, ಯಾಕೆ?' ಅಂತ ಬರೆದು ಕೊಟ್ಟರೆ ಉತ್ತರ ಕೊಡಲೇಬೇಕು. ಸಭೆಯಲ್ಲಿ ಬಂದ ಆಕ್ಷೇಪಗಳಿಗೆ ಅಂತಿಮ ವರದಿಯಲ್ಲಿ ಸಮಾಧಾನ ಇರಬೇಕು ಅನ್ನುವುದು ನಿಯಮ. ಸ್ವೀಕೃತಿ ಪಡೆಯದೆ ಅರ್ಜಿ ಕೊಡಬೇಡಿ.

ಸಭೆಯೇ ಇಲ್ಲದ ರಸ್ತೆಗಳ ಕಥೆ ಬೇರೆ. ಹೊಸದಾಗಿ ಜಮೀನು ತೆಗೆದುಕೊಳ್ಳದ ಅಗಲೀಕರಣಕ್ಕೆ ಅಹವಾಲು ಬೇಡ. ರಾಷ್ಟ್ರೀಯ ಹೆದ್ದಾರಿ ವಿಸ್ತರಣೆ 100 ಕಿ.ಮೀ. ದಾಟದಿದ್ದರೆ ಪರಿಸರ ಅನುಮತಿಯೂ ಬೇಡ. ಉತ್ತರಾಖಂಡದ ಚಾರ್‌ಧಾಮ್ ರಸ್ತೆ ಒಟ್ಟು ಸುಮಾರು 900 ಕಿ.ಮೀ. ಅದನ್ನು 53 ತುಂಡು ಮಾಡಿದರು. ಒಂದೊಂದೂ 100ರ ಒಳಗೆ!

ಸಭೆ ಇದ್ದ ಕಡೆಯಾದರೂ ಕೊನೆತನಕ ಕೂರಿ. ನಡಾವಳಿಯನ್ನು ಜನರ ಭಾಷೆಯಲ್ಲಿ ಅಲ್ಲೇ ಓದಿ ಹೇಳಬೇಕು, ವಿಡಿಯೊ ಕೂಡ ಆಗಬೇಕು. ನೀವು ಹೇಳಿದ್ದು ಅದರಲ್ಲಿ ಇಲ್ಲದಿದ್ದರೆ ಎದ್ದು ನಿಂತು ಸೇರಿಸಿ ಅನ್ನಿ. ಜಿಲ್ಲಾಧಿಕಾರಿ ಸಹಿ ಹಾಕುವುದು ಅದಾದ ಮೇಲೆ.