ಹಸುಗಳೇ, ದಯವಿಟ್ಟು ಹತ್ತರಿಂದ ಐದರೊಳಗೆ ಕಾಯಿಲೆ ಬೀಳಿ

ನಮ್ಮ ರಾಜ್ಯದಲ್ಲಿ ಹಸುವಿಗೆ ಏನು ಕಮ್ಮಿಯಾಗಿದೆ ಹೇಳಿ. ಕಿವಿಯಲ್ಲಿ ಹಳದಿ ಓಲೆ, ಓಲೆಯ ಮೇಲೆ 12 ಅಂಕಿಯ ನಂಬರು. ನಮ್ಮ ಆಧಾರ್ ಕಾರ್ಡಿಗೂ 12 ಅಂಕಿಯೇ. ಅಲ್ಲಿಗೆ ದನಕ್ಕೂ ಮನುಷ್ಯನಿಗೂ ಸರ್ಕಾರದ ಕಣ್ಣಲ್ಲಿ ವ್ಯತ್ಯಾಸ ಇಲ್ಲ ಅಂತಾಯಿತು. ಕೊಂದರೆ 3ರಿಂದ 7 ವರ್ಷ ಜೈಲು ಅಂತ 2020ರ ಕಾಯ್ದೆ ಇದೆ. ಬಲಿಪಾಡ್ಯಮಿಗೆ ಮುಜರಾಯಿ ದೇವಸ್ಥಾನಗಳಲ್ಲಿ ಗೋಪೂಜೆ ಮಾಡಿ ಅಂತ ಆದೇಶ ಬಂದಿದೆ. 2022ರಲ್ಲಿ ಪುಣ್ಯಕೋಟಿ ದತ್ತು ಯೋಜನೆ ಬಂತು. ವರ್ಷಕ್ಕೆ 11 ಸಾವಿರ ಕೊಟ್ಟರೆ ಗೋಶಾಲೆಯ ಒಂದು ಹಸು ನಿಮ್ಮ ದತ್ತುಮಗಳು. ಸಗಣಿ ಬಾಚುವ ಕೆಲಸ ಇಲ್ಲ.

ಇಷ್ಟೆಲ್ಲ ಇರುವ ಹಸುವಿಗೆ ರಾತ್ರಿ ಹನ್ನೊಂದು ಗಂಟೆಗೆ ಹೊಟ್ಟೆ ಉಬ್ಬರಿಸಿತು ಅನ್ನಿ. ಆಗ ನೋಡಿ ಮಜಾ. ಡಾಕ್ಟ್ರ ಫೋನು ಸ್ವಿಚ್ ಆಫ್. ಆಸ್ಪತ್ರೆಗೆ ಬೀಗ. ತಪ್ಪು ಯಾರದ್ದು? ಹಸುವಿನದ್ದೇ. ಎಲ್ಲಿ ಹೋದರೂ ಪೂಜೆ ಮಾಡಿಸಿಕೊಂಡು ಮೆರೆಯುವ ಪ್ರಾಣಿಗೆ ಆಫೀಸ್ ಟೈಮ್ ಯಾವುದು ಅಂತ ಗೊತ್ತಿಲ್ಲ ಅಂದರೆ ಹೇಗೆ?

ಇದಕ್ಕೆಲ್ಲ ಒಂದು ಸುತ್ತೋಲೆ ಹೊರಡಿಸಿದರೆ ಸರಿಹೋಗುತ್ತದೆ. ‘ರಾಜ್ಯದ ಎಲ್ಲಾ ಜಾನುವಾರುಗಳ ಗಮನಕ್ಕೆ. ಕಾಯಿಲೆ ಬೀಳುವವರು ಬೆಳಿಗ್ಗೆ ಹತ್ತರಿಂದ ಸಂಜೆ ಐದರೊಳಗೆ ಬೀಳತಕ್ಕದ್ದು. ಎರಡನೇ ಶನಿವಾರ ಮತ್ತು ಭಾನುವಾರ ಕೆಚ್ಚಲು ಬಾವು ಬರತಕ್ಕದ್ದಲ್ಲ. ಕರು ಅಡ್ಡ ಸಿಕ್ಕಿಕೊಳ್ಳುವುದಿದ್ದರೆ ಮಧ್ಯಾಹ್ನದ ಊಟಕ್ಕೆ ಮುಂಚೆ ಸಿಕ್ಕಿಕೊಳ್ಳುವುದು. ಜಿಲ್ಲಾ ಮಟ್ಟದ ಮೀಟಿಂಗ್ ಇರುವ ದಿನ ಆರೋಗ್ಯವಾಗಿರುವುದು ಕಡ್ಡಾಯ.’ ಇದನ್ನು ಡೈರಿ ಗೋಡೆಗೆ ಅಂಟಿಸಿದರೆ ಸಾಕು. ಹಸುವಿಗೆ ಓದೋಕೆ ಬರಲ್ಲ ಅನ್ನಬೇಡಿ. ನಮ್ಮ ಗೋಡೆಯ ಮೇಲಿನ ಸುತ್ತೋಲೆಗಳನ್ನು ಓದಿದವರಾದರೂ ಯಾರಿದ್ದಾರೆ?

ಸರ್ಕಾರಿ ಲೆಕ್ಕದಲ್ಲಿ ಚಿಕಿತ್ಸೆ ಉಚಿತ. ಈ ಉಚಿತ ಇದೆಯಲ್ಲ, ಅದರಷ್ಟು ದುಬಾರಿ ಬಾಬತ್ತು ಇನ್ನೊಂದಿಲ್ಲ. ದುಡ್ಡು ಕೊಟ್ಟು ಕೊಳ್ಳುವ ವಸ್ತುವಿಗೆ ಒಂದು ರೇಟು ಅಂತ ಇರುತ್ತದೆ, ಚೌಕಾಸಿ ಮಾಡಬಹುದು, ಪಕ್ಕದ ಅಂಗಡಿಗೆ ಹೋಗಬಹುದು. ಉಚಿತಕ್ಕೆ ಎಲ್ಲಿಯ ರೇಟು? ಅದು ಊರು ಎಷ್ಟು ದೂರ, ಹೊತ್ತು ಎಷ್ಟಾಗಿದೆ, ಮಳೆ ಬರುತ್ತಿದೆಯಾ, ಯಜಮಾನನ ಮುಖದಲ್ಲಿ ಎಷ್ಟು ಗಾಬರಿ ಇದೆ ಅನ್ನುವುದರ ಮೇಲೆ ನಿಂತಿರುತ್ತದೆ.

ಒಂದು ರಾತ್ರಿಯ ಕತೆ ಹೇಳುತ್ತೇನೆ. ನಾಗಮಂಗಲದ ಕಡೆ ನಮ್ಮ ನೆಂಟರ ಮನೆ. ಮೂರನೇ ಸೂಲಿನ ಹಸು ಕರು ಹಾಕಿ ಇನ್ನೂ ಎರಡು ದಿನ ಆಗಿರಲಿಲ್ಲ. ಸಂಜೆ ಹಾಲು ಕರೆಯುವಾಗಲೇ ಹಿಂಗಾಲು ತೂರಾಡುತ್ತಿತ್ತಂತೆ. ರಾತ್ರಿ ನೋಡಿದರೆ ಕೂತುಬಿಟ್ಟಿದೆ, ಏಳೋದೇ ಇಲ್ಲ. ಕತ್ತು ಪಕ್ಕೆಗೆ ತಿರುಗಿಸಿ ಮಲಗಿದೆ. ಕಿವಿ ಮುಟ್ಟಿದರೆ ಮಂಜುಗಡ್ಡೆ, ಮೂತಿ ಒಣಗಿಹೋಗಿದೆ. ಹಾಲುಜ್ವರ. ದನ ಸಾಕಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ರಕ್ತದಲ್ಲಿದ್ದ ಕ್ಯಾಲ್ಸಿಯಂ ಹಾಲಿಗೆ ಇಳಿದುಹೋಗಿರುತ್ತದೆ. ಹೊತ್ತಿಗೆ ಸರಿಯಾಗಿ ನರಕ್ಕೆ ಕ್ಯಾಲ್ಸಿಯಂ ಏರಿಸಿದರೆ ಬದುಕುತ್ತದೆ, ಬೆಳಗಾಗಲಿ ಅಂತ ಕೂತರೆ ಉಳಿಯೋದು ಅನುಮಾನ.

ಎಂಟು ಜನಕ್ಕೆ ಫೋನ್ ಮಾಡಿ, ಒಬ್ಬರು ಬರ್ತೀನಿ ಅಂದರು. ಬಂದರು ಕೂಡ, ಪುಣ್ಯಾತ್ಮ. ಬಾಟಲಿಯನ್ನು ಮೊದಲು ಬಿಸಿನೀರಿನ ಚೊಂಬಿನಲ್ಲಿ ಇಡಿಸಿದರು. ಕತ್ತಿನ ನರಕ್ಕೆ ಸೂಜಿ ಚುಚ್ಚಿ, ಬಾಟಲಿಯನ್ನು ನನ್ನ ಕೈಗೆ ಕೊಟ್ಟು, ‘ಮೇಲಕ್ಕೆ ಎತ್ತಬೇಡಿ, ಜೋರಾಗಿ ಹೋದ್ರೆ ಹಾರ್ಟ್ ನಿಂತೋಗುತ್ತೆ’ ಅಂದರು. ಇನ್ನೊಂದು ಕೈಯಲ್ಲಿ ಮೊಬೈಲ್ ಟಾರ್ಚು. ಅವರು ಸ್ಟೆತಾಸ್ಕೋಪು ಇಟ್ಟುಕೊಂಡು ಎದೆಬಡಿತ ಕೇಳುತ್ತಾ ಕೂತರು. ಬಾಟಲಿ ಅರ್ಧ ಇಳಿಯುವ ಹೊತ್ತಿಗೆ ಹಸುವಿನ ತೊಡೆ ಅದುರೋಕೆ ಶುರುವಾಯಿತು. ಆಮೇಲೆ ಒಂದು ದೊಡ್ಡ ತೇಗು. ಆಮೇಲೆ ಸಗಣಿ. ಸಗಣಿ ನೋಡಿ ಮನೆಯವರೆಲ್ಲ ಕೈಮುಗಿದಿದ್ದನ್ನು ನಾನು ಅವತ್ತೇ ನೋಡಿದ್ದು. ಸ್ವಲ್ಪ ಹೊತ್ತಿಗೆ ಹಸು ಎದ್ದು ನಿಂತು ಕರುವಿನ ಕಡೆ ತಿರುಗಿತು.

ಇಲ್ಲಿವರೆಗೆ ಎಲ್ಲ ಚೆನ್ನಾಗಿತ್ತು. ನಾಟಕ ಶುರುವಾಗಿದ್ದು ಕೈತೊಳೆಯೋಕೆ ಸೋಪು ಕೊಟ್ಟ ಮೇಲೆ.

‘ಎಷ್ಟು ಕೊಡ್ಲಿ ಸಾರ್?’

‘ಅಯ್ಯೋ, ಇರ್ಲಿ ಬಿಡಿ ಯಜಮಾನ್ರೇ.’

‘ಅಂಗಂದ್ರೆ ಎಂಗೆ ಸಾರ್, ಇಷ್ಟೊತ್ತಲ್ಲಿ ಬಂದಿದೀರ.’

‘ನೀವೇ ತಿಳ್ಕೊಂಡು ಕೊಡಿ. ಪೆಟ್ರೋಲಿಗೆ ಆದ್ರೆ ಸಾಕು.’

ಪೆಟ್ರೋಲಿಗೆ! ಐದು ನೂರು ತೆಗೆದರು. ಡಾಕ್ಟ್ರು ನೋಟನ್ನು ನೋಡಲೇ ಇಲ್ಲ, ಹಸುವನ್ನು ನೋಡಿದರು. ಇನ್ನೊಂದು ಐನೂರು ಸೇರಿತು. ಆಗ ನೋಟು ಕಾಣಿಸಿತು. ಹತ್ತು ಕಿಲೋಮೀಟರಿಗೆ 1000 ರೂಪಾಯಿ ಪೆಟ್ರೋಲು ಕುಡಿಯುವ ಬೈಕು ಯಾವ ಕಂಪನಿದು ಅಂತ ನನಗೆ ಕೇಳಬೇಕು ಅನಿಸಿತು, ಕೇಳಲಿಲ್ಲ. ನಿಜ ಹೇಳಬೇಕಂದರೆ ಆ ದುಡ್ಡು ಜಾಸ್ತಿಯಲ್ಲ. ಅರವತ್ತು ಎಪ್ಪತ್ತು ಸಾವಿರದ ಹಸು ಉಳಿಸಿದ ಕೈ ಅದು, ರಾತ್ರಿ ನಿದ್ದೆಗೆಟ್ಟು ಬಂದ ಮನುಷ್ಯ. ಹಕ್ಕಿನ ಫೀಸು ಅಂತ ತಲೆ ಎತ್ತಿ ಇಸ್ಕೊಳ್ಳಬೇಕಾದ ದುಡ್ಡನ್ನು ಕೊಟ್ಟಿಗೆಯ ಕತ್ತಲಲ್ಲಿ ಲಂಚದ ಥರ ಕೈ ಬದಲಾಯಿಸುವ ಹಾಗೆ ಮಾಡಿದ್ದೇವಲ್ಲ, ಅದು ತಮಾಷೆ.

ಮನೆಯವರ ಲೆಕ್ಕ ಅಷ್ಟಕ್ಕೇ ಮುಗಿಯಲಿಲ್ಲ. ಬಾಟಲಿ, ಸಿರಿಂಜು, ಇನ್ನೆರಡು ಇಂಜೆಕ್ಷನ್ನು, ಬೆಳಿಗ್ಗೆ ಚೀಟಿ ಬರೆದುಕೊಟ್ಟ ಟಾನಿಕ್ಕು ಸೇರಿ ಇನ್ನೊಂದು 600 ಚಿಲ್ಲರೆ. ಡೈರಿಯಲ್ಲಿ ಲೀಟರಿಗೆ 35 ರೂಪಾಯಿಯ ಆಸುಪಾಸು ಸಿಗುತ್ತದೆ. ದಿನಕ್ಕೆ 12 ಲೀಟರ್ ಕೊಡುವ ಹಸುವಾದರೆ ಹತ್ತಿರ ಹತ್ತಿರ ನಾಲ್ಕು ದಿನದ ಹಾಲು ಒಂದು ರಾತ್ರಿಗೆ ಹೋಯಿತು. ಇದೇ ಕೆಚ್ಚಲು ಬಾವು ಆಗಿದ್ದರೆ ಇನ್ನೂ ಚೆಂದ. ಆಂಟಿಬಯೋಟಿಕ್ ಕೊಟ್ಟ ಮೇಲೆ ಕೆಲವು ದಿನ ಆ ಹಾಲನ್ನು ಡೈರಿಗೆ ಹಾಕುವ ಹಾಗಿಲ್ಲ. ಮೋರಿಗೆ ಚೆಲ್ಲಬೇಕು. ಡಾಕ್ಟ್ರ ಖರ್ಚು ಒಂದು ಕಡೆ, ಚೆಲ್ಲಿದ ಹಾಲು ಇನ್ನೊಂದು ಕಡೆ. ಅದೇ ಹೊತ್ತಿಗೆ ಬೂಸಾ ಅಂಗಡಿಯವನು ಬಾಕಿ ಕೇಳೋಕೆ ಬರುತ್ತಾನೆ. ಸರ್ಕಾರದಿಂದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಬರುತ್ತದೆ ಅನ್ನುತ್ತೀರಾ? ಬರುತ್ತದೆ. ಹಸು ಈ ಸೂಲಲ್ಲಿ ಕೊಟ್ಟ ಹಾಲಿಗೆ ಮುಂದಿನ ಸೂಲಿನ ಹೊತ್ತಿಗೆ.

ಹಾಗಾದರೆ ಜಾನುವಾರುಗಳ ಸಹಾಯವಾಣಿ 1962ಕ್ಕೆ ಫೋನ್ ಮಾಡಬಹುದಲ್ವಾ ಅಂತ ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಪಶು ಸಂಜೀವಿನಿ ಅಂತ ಬಿಳಿ ಗಾಡಿ, ಒಳಗೊಬ್ಬ ಡಾಕ್ಟ್ರು, ಒಬ್ಬ ಸಹಾಯಕ, ಒಬ್ಬ ಡ್ರೈವರು. ಯೋಚನೆ ಒಳ್ಳೆಯದೇ, ಅದನ್ನು ನಾನು ಹಂಗಿಸಲ್ಲ. ಹಂಗಿಸೋದು ಲೆಕ್ಕವನ್ನು. ಕೇಂದ್ರದ ಯೋಜನೆಯ ಪ್ರಕಾರ 1 ಲಕ್ಷ ಜಾನುವಾರಿಗೆ ಒಂದು ಗಾಡಿ. 2019ರ ಗಣತಿಯಲ್ಲಿ ನಮ್ಮ ರಾಜ್ಯದಲ್ಲಿ ದನಗಳೇ 84 ಲಕ್ಷಕ್ಕೂ ಜಾಸ್ತಿ, ಎಮ್ಮೆ ಸುಮಾರು 30 ಲಕ್ಷ, ಕುರಿ ಮೇಕೆ ಬೇರೆ. ಒಂದು ಗಾಡಿ ದಿನಕ್ಕೆ ಹತ್ತು ಜಾನುವಾರು ನೋಡಿತು, ಒಂದು ದಿನವೂ ರಜೆ ಹಾಕಲಿಲ್ಲ, ಒಂದು ಸಲವೂ ಪಂಚರ್ ಆಗಲಿಲ್ಲ ಅಂದುಕೊಳ್ಳಿ. ತನ್ನ ಪಾಲಿನ 1 ಲಕ್ಷ ತಲೆಯನ್ನು ಒಂದು ಸುತ್ತು ನೋಡಿ ಮುಗಿಸೋಕೆ 10 ಸಾವಿರ ದಿನ ಬೇಕು. ಅಂದರೆ 27 ವರ್ಷ ದಾಟುತ್ತದೆ. ಹಸುವಿನ ಆಯಸ್ಸೇ ಅಷ್ಟಿಲ್ಲ. ಎಲ್ಲ ಹಸುವೂ ಒಟ್ಟಿಗೆ ಕಾಯಿಲೆ ಬೀಳಲ್ಲ ಅನ್ನೋದು ನಿಜ. ಹಾಗಂತ 2022ರಲ್ಲಿ ಚರ್ಮಗಂಟು ರೋಗ ಬಂದಾಗ ಹೋಗಿ ಹೇಳಬೇಕಿತ್ತು, ಒಂದೊಂದೇ ಊರಿಗೆ ಸರದಿಯಲ್ಲಿ ಬಾರಪ್ಪ ಅಂತ.

ಸರ್ಕಾರಿ ಡಾಕ್ಟ್ರನ್ನು ಬಯ್ಯೋದು ಸುಲಭ. ನಮ್ಮೂರ ಕಟ್ಟೆಯ ಮೇಲೆ ದಿನಾ ಅದೇ ಕೆಲಸ. ಆದರೆ ಆ ಮನುಷ್ಯನಿಗೆ ತನ್ನ ಆಸ್ಪತ್ರೆ ಒಂದು, ಪ್ರಭಾರ ಎರಡು. ಕಾಲುಬಾಯಿ ಜ್ವರದ ಲಸಿಕೆ ಅಭಿಯಾನ ಬಂತು ಅಂದರೆ ಊರೂರು ಸುತ್ತಬೇಕು, ಹಾಕಿದ ಪ್ರತಿ ಸೂಜಿಗೂ ಓಲೆ ನಂಬರು ಆ್ಯಪಿಗೆ ಹತ್ತಿಸಬೇಕು, ನೆಟ್‌ವರ್ಕ್ ಸಿಗದಿದ್ದರೆ ನೀರಿನ ಟ್ಯಾಂಕಿನ ಮೇಲೆ ಹತ್ತಬೇಕು. ಜೊತೆಗೆ ಗಣತಿ, ವಿಮೆ ಪರಿಶೀಲನೆ, ಮೀಟಿಂಗು. ನಡುವೆ ಸಮಯ ಸಿಕ್ಕರೆ ಹಸು. 2024ರಲ್ಲಿ ಕೆಪಿಎಸ್‌ಸಿ ಒಂದೇ ಸಲಕ್ಕೆ 400 ಪಶುವೈದ್ಯಾಧಿಕಾರಿ ಹುದ್ದೆಗೆ ಅರ್ಜಿ ಕರೆಯಿತು. ಅಷ್ಟು ಕುರ್ಚಿ ಖಾಲಿ ಇದ್ದವು ಅಂತಲೇ ಅಲ್ವಾ? ಐದೂವರೆ ವರ್ಷ ಓದಿದ ಹುಡುಗರು ಕೆಲಸಕ್ಕೆ ಕಾಯುತ್ತಾ ಕೂತಿದ್ದರು. ಅತ್ತ ಹಸುಗಳು ಡಾಕ್ಟ್ರಿಗೆ ಕಾಯುತ್ತಾ ಕೂತಿದ್ದವು. ಮಧ್ಯದಲ್ಲಿ ಫೈಲು ಒಂದೇ ಓಡಾಡುತ್ತಿತ್ತು.

ಫೈಲು ಬರುವವರೆಗೆ ಊರಿಗೊಬ್ಬ ಇರುತ್ತಾನೆ, ಡಾಕ್ಟ್ರಲ್ಲದ ಡಾಕ್ಟ್ರು. ಹಿಂದೆ ಯಾರದೋ ಆಸ್ಪತ್ರೆಯಲ್ಲಿ ಬಾಗಿಲು ತೆಗೆಯುತ್ತಿದ್ದವನು, ಇಲ್ಲವೇ ಬೆದೆಗೆ ಬಂದ ಹಸುವಿಗೆ ಗಬ್ಬ ಕಟ್ಟುವ ಸೂಜಿ ಹಾಕೋದಷ್ಟೇ ಕಲಿತವನು. ಬೈಕಿನ ಡಬ್ಬಿಯಲ್ಲಿ ಮೂರು ಬಾಟಲಿ. ಯಾವ ಕಾಯಿಲೆಗಾದರೂ ಮೂರನ್ನೂ ಹಾಕುತ್ತಾನೆ. ಒಂದಲ್ಲ ಒಂದು ಕೆಲಸ ಮಾಡೇ ಮಾಡುತ್ತದೆ. ನೋಂದಾಯಿತ ಪಶುವೈದ್ಯರು ಮಾತ್ರ ಚಿಕಿತ್ಸೆ ಕೊಡಬೇಕು ಅಂತ 1984ರ ಕಾಯ್ದೆ ಹೇಳುತ್ತದೆ. ಕಾಯ್ದೆಯೂ ರಾತ್ರಿ ಹೊತ್ತು ಫೋನ್ ಎತ್ತಲ್ಲ. ಇವನು ಎತ್ತುತ್ತಾನೆ, ‘ಬಂದೆ ಕಣಣ್ಣ, ಗಾಬ್ರಿ ಬೀಳ್ಬೇಡ’ ಅನ್ನುತ್ತಾನೆ, ಸಾಲ ಕೂಡ ಬಿಡುತ್ತಾನೆ. ಹಸು ಬದುಕಿದರೆ ಇವನ ಕೈಗುಣ, ಸತ್ತರೆ ಹಸುವಿನ ಆಯಸ್ಸು.

ಬೆಂಗಳೂರಲ್ಲಿ ನಾಯಿಗೆ ಶೀತ ಆದರೆ ಆ್ಯಪಲ್ಲಿ ಒತ್ತಿದರೆ ಸಾಕು, ಡಾಕ್ಟ್ರು ಮನೆಗೆ ಬರುತ್ತಾರೆ. ಎಷ್ಟು ಫೀಸು ಅಂತ ಮೊದಲೇ ಸ್ಕ್ರೀನಿನ ಮೇಲೆ ಬರುತ್ತದೆ, ಕೊನೆಗೆ ಬಿಲ್ಲೂ ಬರುತ್ತದೆ. ನಾಯಿಯ ಮೇಲೆ ನನಗೇನೂ ಹೊಟ್ಟೆಕಿಚ್ಚಿಲ್ಲ. ಆ ಬಿಲ್ಲಿನ ಮೇಲೆ ಮಾತ್ರ ಇದೆ. ನಮಗೂ ಅಷ್ಟು ಮಾಡಿ ಸ್ವಾಮಿ. ತಾಲೂಕಿಗೊಬ್ಬ ರಾತ್ರಿ ಪಾಳಿಯ ಡಾಕ್ಟ್ರನ್ನು ಇಡಿ. ಹತ್ತು ಕಿಲೋಮೀಟರಿಗೆ ಇಷ್ಟು, ಹೆರಿಗೆ ಮಾಡಿಸಿದರೆ ಇಷ್ಟು ಅಂತ ಬೋರ್ಡು ಹಾಕಿ, ಕೊಟ್ಟ ದುಡ್ಡಿಗೆ ರಸೀದಿ ಕೊಡಿ. ಬಡವರ ಪಾಲಿನದ್ದನ್ನು ಸರ್ಕಾರ ತುಂಬಲಿ. ಇಷ್ಟು ಹೇಳಿದರೆ ವಿಧಾನಸೌಧದಲ್ಲಿ ಯಾರೂ ಒಪ್ಪಲ್ಲ. ‘ಉಚಿತ’ ಅನ್ನುವ ಪದವನ್ನು ಬೋರ್ಡಿಂದ ಅಳಿಸೋಕೆ ಯಾವ ಪಕ್ಷಕ್ಕೆ ಧೈರ್ಯ ಇದೆ?

ಬದುಕಿರುವ ಹಸುವಿನ ವಿಚಾರದಲ್ಲಿ ಹೀಗೆ ತಡವರಿಸುವ ಸರ್ಕಾರ, ಸತ್ತ ಹಸುವಿನ ವಿಚಾರದಲ್ಲಿ ಮಾತ್ರ ಬಹಳ ಸ್ಪಷ್ಟವಾಗಿದೆ. ಅನುಗ್ರಹ ಯೋಜನೆಯಲ್ಲಿ ದನ, ಎಮ್ಮೆ ಆಕಸ್ಮಿಕವಾಗಿ ಸತ್ತರೆ 10 ಸಾವಿರ ಕೊಡುತ್ತಿದ್ದರು. 2025-26ರ ಬಜೆಟ್ಟಿನಲ್ಲಿ ಅದನ್ನು 15 ಸಾವಿರಕ್ಕೆ ಏರಿಸಿದರು. ಕುರಿ, ಮೇಕೆಗೆ 5 ಸಾವಿರ ಇದ್ದಿದ್ದು 7,500 ಆಯಿತು. ವಿಮೆಯ ಕಂತಿನಲ್ಲೂ ರೈತನ ಪಾಲನ್ನು ಕೇಂದ್ರ 2024ರಲ್ಲಿ ಶೇ 15ಕ್ಕೆ ಇಳಿಸಿತು. ಆದರೆ ಸತ್ತಾಗ ಕಿವಿಯಲ್ಲಿ ಓಲೆ ಇರಲೇಬೇಕು. ಓಲೆ ಇಲ್ಲ ಅಂದರೆ ಕ್ಲೇಮ್ ಇಲ್ಲ. ಬೇಲಿಗೆ ಸಿಕ್ಕಿ ಓಲೆ ಕಿತ್ತುಹೋದ ಹಸು ಸತ್ತೇ ಇಲ್ಲ ಅಂತ ಅರ್ಥ. ಅದು ಕೊಟ್ಟಿಗೆಯಲ್ಲಿ ಕಾಲು ಚಾಚಿ ಬಿದ್ದಿದ್ದರೂ ಸರಿ.

ನಮ್ಮ ನೆಂಟರ ಊರಲ್ಲೇ ಮೊನ್ನೆ ಒಬ್ಬರ ಎಮ್ಮೆ ಹೋಯಿತು. ಕಾಯಿಲೆಯಲ್ಲಿದ್ದಾಗ ಇಡೀ ದಿನ ಫೋನ್ ಮಾಡಿದರೂ ಯಾರೂ ಸಿಕ್ಕಿರಲಿಲ್ಲ. ಸತ್ತ ಮೇಲೆ ಪರಿಹಾರಕ್ಕೆ ಅರ್ಜಿ ಹಾಕಬೇಕು ಅಂದಾಗ ಗೊತ್ತಾಯಿತು, ಪೋಸ್ಟ್‌ಮಾರ್ಟಂ ಸರ್ಟಿಫಿಕೇಟು ಬೇಕು, ಅದಕ್ಕೆ ಡಾಕ್ಟ್ರೇ ಜಾಗಕ್ಕೆ ಬರಬೇಕು. ಈ ಸಲ ಫೋನು ಎರಡನೇ ರಿಂಗಿಗೇ ಎತ್ತಿದರು. ನಾಳೆ ಬೆಳಿಗ್ಗೆ ಬರುತ್ತೇವೆ, ಅಲ್ಲಿವರೆಗೆ ಹೂಳಬೇಡಿ, ನಾಯಿ ಎಳೆಯದ ಹಾಗೆ ನೋಡಿಕೊಳ್ಳಿ ಅಂದರು. ಯಜಮಾನರು ಎಲ್ಲದಕ್ಕೂ ಹೂಂ ಅಂದು, ಫೋನ್ ಇಡುವ ಮುಂಚೆ ಮೆಲ್ಲಗೆ ಕೇಳಿದರು:

‘ಸಾರ್, ಇದಕ್ಕೂ ಪೆಟ್ರೋಲು ನಾವೇ ಹಾಕಿಸ್ಬೇಕಾ?’